ಸೂಪರ್, ಎ, ಬಿ, ಸಿ: ಬೆಂಗಳೂರು ಫುಟ್‌ಬಾಲ್ ಲೀಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು ಲೀಗ್‌ನ ಕೆಳಗಿನ ಡಿವಿಷನ್‌ಗಳಲ್ಲಿ ಸುಮಾರು ಹತ್ತು ವರ್ಷ ಆಡಿದೆ. ಮೊಣಕಾಲು ಕೈಕೊಟ್ಟ ಮೇಲೆ ಅದೇ ಪುಟ್ಟ ಕ್ಲಬ್‌ನ ಕಾಗದಪತ್ರ ನೋಡಿಕೊಳ್ಳುತ್ತಿದ್ದೇನೆ. ಮದುವೆ ಮನೆಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಸ್ಟೇಡಿಯಂ ಗೇಟಿನ ಹತ್ತಿರ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಮೊದಲು ಕೇಳುವುದು

ಬೆಂಗಳೂರಲ್ಲಿ ಬಿಎಫ್‌ಸಿ ಬಿಟ್ರೆ ಬೇರೆ ಫುಟ್‌ಬಾಲ್ ಇದ್ಯಾ?

ಇದೆ. ಬಿಎಫ್‌ಸಿ, ಅಂದರೆ ಬೆಂಗಳೂರು ಎಫ್‌ಸಿ ಕ್ಲಬ್, ಹುಟ್ಟಿದ್ದು 2013ರಲ್ಲಿ. ಅದಕ್ಕಿಂತ ಎಷ್ಟೋ ಹಿಂದಿನಿಂದ ಈ ಊರಲ್ಲಿ ಲೀಗ್ ನಡೆಯುತ್ತಿದೆ. ಟಿವಿಯಲ್ಲಿ ಬರುವುದು ಕಡಿಮೆ, ಪೇಪರಿನಲ್ಲಿ ಬಂದರೂ ಒಳಪುಟದಲ್ಲಿ ನಾಲ್ಕು ಸಾಲು. ಹಾಗಾಗಿ ಇಲ್ಲ ಅಂತ ಜನ ಅಂದುಕೊಂಡಿದ್ದಾರೆ. ವಾರದ ದಿನ ಮಧ್ಯಾಹ್ನ ಗರುಡಾ ಮಾಲ್ ಕಡೆ ಹೋದರೆ ಪಕ್ಕದಿಂದ ರೆಫ್ರಿಯ ಸೀಟಿ ಕೇಳಿಸುತ್ತದಲ್ಲ, ಅದೇ ಇದು.

ಸೂಪರ್, ಎ, ಬಿ, ಸಿ ಅಂದ್ರೆ ಏನು? ಸ್ಕೂಲ್ ಸೆಕ್ಷನ್ ತರಾನಾ?

ಸೆಕ್ಷನ್ ಅಲ್ಲ, ಮೆಟ್ಟಿಲು. ಮೇಲಿನದು ಸೂಪರ್ ಡಿವಿಷನ್. ಅದರ ಕೆಳಗೆ ಎ, ಆಮೇಲೆ ಬಿ, ಎಲ್ಲಕ್ಕಿಂತ ಕೆಳಗೆ ಸಿ. ಹೊರಗಿನವರು 'ಎ ಡಿವಿಷನ್' ಅಂದ ಕೂಡಲೇ ಅದೇ ಮೊದಲನೆಯದು ಅಂದುಕೊಳ್ಳುತ್ತಾರೆ. ಅಲ್ಲ, ಅದು ಎರಡನೆಯದು.

ಆಯಾ ಡಿವಿಷನ್‌ನ ತಂಡಗಳು ತಮ್ಮ ತಮ್ಮಲ್ಲೇ ಆಡುತ್ತವೆ. ಗೆದ್ದರೆ 3 ಅಂಕ, ಸಮ ಆದರೆ 1, ಸೋತರೆ ಸೊನ್ನೆ. ಸೀಸನ್ ಮುಗಿದಾಗ ಮೇಲಿದ್ದವರು ಒಂದು ಮೆಟ್ಟಿಲು ಹತ್ತುತ್ತಾರೆ, ತಳದಲ್ಲಿದ್ದವರು ಇಳಿಯುತ್ತಾರೆ. ಡಿವಿಷನ್‌ಗೆ ಎಷ್ಟು ತಂಡ ಅನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಲೀಗಿನ ಹೆಸರಿನ ಹಿಂದೆಮುಂದೆ ಪ್ರಾಯೋಜಕರ ಹೆಸರು ಬಂದುಹೋಗುವುದೂ ಉಂಟು. ನಾವು ಮಾತಾಡುವಾಗ ಸುಮ್ನೆ 'ಸೂಪರ್' ಅನ್ನುತ್ತೇವೆ, 'ಸಿ' ಅನ್ನುತ್ತೇವೆ.

ಮ್ಯಾಚ್ ಎಲ್ಲಿ ನಡೆಯುತ್ತೆ? ಒಬ್ಬನೇ ಬಂದು ನೋಡಬಹುದಾ?

ಮುಖ್ಯ ಜಾಗ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಎಂ.ಜಿ. ರಸ್ತೆ ಮೆಟ್ರೊ ಸ್ಟೇಷನ್‌ನಲ್ಲಿ ಇಳಿದು ನಡೆದೇ ಬರಬಹುದು. ಈಗ ಅಲ್ಲಿರುವುದು ಕೃತಕ ಹುಲ್ಲು. ಹಿಂದೆ ಅದು ಶೂಲೆ ಕೆರೆ ಇದ್ದ ಜಾಗ. ಈ ಊರಲ್ಲಿ ಆಟದ ಮೈದಾನಕ್ಕೂ ಕೆರೆಗೂ ಹಳೇ ನಂಟು: ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ, ಹಾಕಿ ಸ್ಟೇಡಿಯಂ ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ.

ಒಬ್ಬರೇ ಬಂದರೆ ಬೇಜಾರಾಗಲ್ಲ. ಸ್ಟ್ಯಾಂಡಿನಲ್ಲಿ ದಿನಾ ಬರುವ ಹಿರಿಯರು ಒಂದಷ್ಟು ಜನ ಇರುತ್ತಾರೆ. ಪಕ್ಕ ಕೂತರೆ ಸಾಕು, ಹತ್ತು ನಿಮಿಷದಲ್ಲಿ 'ನಮ್ಮ ಕಾಲದ ಸೆಂಟರ್ ಫಾರ್ವರ್ಡ್' ಕಥೆ ಶುರು. ಆ ಕಾಮೆಂಟರಿಯಲ್ಲಿ ಅರ್ಧ ತಮಿಳು, ಕಾಲು ಉರ್ದು, ಉಳಿದಿದ್ದು ಕನ್ನಡ. ಟೋಪಿ ಮತ್ತು ನೀರು ತನ್ನಿ. ಮಧ್ಯಾಹ್ನದ ಬಿಸಿಲಿಗೆ ಕೃತಕ ಹುಲ್ಲು ಕಾದ ಹಂಚಾಗುತ್ತದೆ, ಅದರ ಬಿಸಿ ಮುಂದಿನ ಸಾಲಿನವರೆಗೂ ಬರುತ್ತದೆ.

ಬಿಡಿಎಫ್‌ಎ, ಕೆಎಸ್‌ಎಫ್‌ಎ, ಎಐಎಫ್‌ಎಫ್... ಇವರಲ್ಲಿ ಯಾರು ಯಾರಿಗೆ ಬಾಸು?

ಬಿಡಿಎಫ್‌ಎ ಜಿಲ್ಲೆಯದು: ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆ. ಕೆಎಸ್‌ಎಫ್‌ಎ ರಾಜ್ಯದ್ದು. ಎಐಎಫ್‌ಎಫ್ 1937ರಲ್ಲಿ ಹುಟ್ಟಿದ ದೇಶದ ಫೆಡರೇಷನ್. ಅದರ ಮೇಲೆ ಏಷ್ಯಾದ ಎಎಫ್‌ಸಿ, ಎಲ್ಲರ ಮೇಲೆ ಫಿಫಾ. ನಿಮ್ಮ ತಂಡಕ್ಕೆ ಕೆಲಸ ಬೀಳುವುದು ಮೊದಲ ಎರಡರ ಹತ್ತಿರ. ಮುಂದೆ ಸುಮ್ನೆ 'ಸಂಸ್ಥೆ' ಅಂದರೆ ಇವೇ.

ಅಮೆಚೂರ್ ಅಂತೀರಾ, ಆದ್ರೆ ಕೆಲವರಿಗೆ ದುಡ್ಡು ಸಿಗುತ್ತಂತಲ್ಲ?

ಸಿಗುತ್ತದೆ. ಸೂಪರ್ ಡಿವಿಷನ್‌ನ ಕೆಲವು ಕ್ಲಬ್‌ಗಳು ಆಟಗಾರರಿಗೆ ಸಂಬಳ, ಊಟ, ವಸತಿ ಎಲ್ಲ ಕೊಡುತ್ತವೆ. ಇಲಾಖೆ ತಂಡದವರಿಗೆ ಸಂಬಳ ಬರುವುದು ಇಲಾಖೆಯ ಕೆಲಸಕ್ಕೆ, ಆಟ ಅದರ ಜೊತೆಗೆ. ಕೆಳಗೆ ಬಂದ ಹಾಗೆ ದುಡ್ಡು ಕಡಿಮೆಯಾಗುತ್ತಾ ಸಿ ಡಿವಿಷನ್‌ನಲ್ಲಿ ದಿಕ್ಕೇ ಬದಲಾಗುತ್ತದೆ. ಅಲ್ಲಿ ಆಟಗಾರನೇ ಕ್ಲಬ್ಬಿಗೆ ಕೊಡುತ್ತಾನೆ: ಜರ್ಸಿಗೆ ಇಷ್ಟು, ಪ್ರಾಕ್ಟೀಸ್ ಗ್ರೌಂಡಿನ ಬಾಡಿಗೆಗೆ ಇಷ್ಟು.

ನನ್ನ ಲೆಕ್ಕದಲ್ಲಿ ಡಿವಿಷನ್‌ಗಳ ನಡುವಿನ ನಿಜವಾದ ವ್ಯತ್ಯಾಸ ದುಡ್ಡಿನದಲ್ಲ, ರಜೆಯದು. ಮಂಗಳವಾರ ಮಧ್ಯಾಹ್ನ ಮ್ಯಾಚ್ ಬಿದ್ದರೆ ಸೇನೆಯ ಹುಡುಗ ಬರುತ್ತಾನೆ, ಅವನಿಗೆ ಅದೂ ಡ್ಯೂಟಿ. ಕೊರಿಯರ್ ಕೊಡುವ ಹುಡುಗ ಬರಬೇಕಾದರೆ ಅವನ ಆ ದಿನದ ಕೂಲಿ ಹೋಗುತ್ತದೆ. ಆಟ ಇಬ್ಬರದೂ ಚೆನ್ನಾಗಿರಬಹುದು. ಹದಿನೈದು ಮ್ಯಾಚಿಗೂ ಬರೋಕೆ ಆಗುವವನು ಮಾತ್ರ ಮೇಲೆ ಹತ್ತುತ್ತಾನೆ.

## ಹಳೆಯ ಮಾತು

ಎಂಇಜಿ, ಎಎಸ್‌ಸಿ, ಎಚ್‌ಎಎಲ್, ಐಟಿಐ... ಕ್ಲಬ್ ಹೆಸರಾ, ಆಫೀಸ್ ಬೋರ್ಡಾ?

ಎರಡೂ. ಬೆಂಗಳೂರಿಗೆ ಫುಟ್‌ಬಾಲ್ ಬಂದಿದ್ದೇ ದಂಡಿನ ಜೊತೆ. ಎಂಇಜಿ ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್, ಹಲಸೂರು ಕೆರೆ ಹತ್ತಿರದವರು. ಎಎಸ್‌ಸಿ ಸೇನೆಯ ಸರಬರಾಜು ವಿಭಾಗ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ದೊಡ್ಡ ಸರ್ಕಾರಿ ಕಾರ್ಖಾನೆಗಳು ಬಂದವು. ಕಾರ್ಖಾನೆ ಅಂದ ಮೇಲೆ ಟೌನ್‌ಶಿಪ್, ಟೌನ್‌ಶಿಪ್ ಅಂದ ಮೇಲೆ ಮೈದಾನ, ಮೈದಾನ ಅಂದ ಮೇಲೆ ತಂಡ. ಚೆನ್ನಾಗಿ ಆಡುವ ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ಕೆಲಸ. ಬೆಳಿಗ್ಗೆ ಮಷೀನು, ಮಧ್ಯಾಹ್ನ ಪ್ರಾಕ್ಟೀಸು.

ಈ ತಂಡಗಳನ್ನು ಹಗುರವಾಗಿ ನೋಡಬೇಡಿ. 1977ರಲ್ಲಿ ದೇಶದ ಕ್ಲಬ್‌ಗಳ ಫೆಡರೇಷನ್ ಕಪ್ ಮೊದಲ ಸಲ ನಡೆದಾಗ ಗೆದ್ದವರು ನಮ್ಮ ಐಟಿಐ. ಫೈನಲ್‌ನಲ್ಲಿ ಸೋತಿದ್ದು ಮೋಹನ್ ಬಾಗಾನ್, 1-0. ದೂರವಾಣಿಗನಗರದಲ್ಲಿ ಟೆಲಿಫೋನ್ ಮಾಡುತ್ತಿದ್ದ ಕಂಪನಿಯ ತಂಡ ಅದು! ಎಚ್‌ಎಎಲ್ ತಂಡ ಆಗ ದೇಶದ ಮೇಲಿನ ಲೀಗ್ ಆಗಿದ್ದ ಐ-ಲೀಗ್‌ವರೆಗೂ ಹೋಗಿ ಆಡಿಬಂತು.

ಆಮೇಲೆ ಕ್ರೀಡಾ ಕೋಟಾದ ನೇಮಕಾತಿ ಕಡಿಮೆಯಾಯಿತು. ಇದ್ದವರಿಗೆ ವಯಸ್ಸಾಯಿತು, ಹೊಸಬರು ಬರಲಿಲ್ಲ. ಅದೇ ಹೊತ್ತಿಗೆ ಕಿಕ್‌ಸ್ಟಾರ್ಟ್, ಸೌತ್ ಯುನೈಟೆಡ್, ಎಫ್‌ಸಿ ಬೆಂಗಳೂರು ಯುನೈಟೆಡ್ ಥರದ ಖಾಸಗಿ ಕ್ಲಬ್‌ಗಳು ಮೇಲೆ ಬಂದವು. ಇವತ್ತಿನ ಅಂಕಪಟ್ಟಿಯಲ್ಲಿ ಎರಡೂ ಥರದ ಹೆಸರು ಒಟ್ಟಿಗೇ ಕಾಣುತ್ತವೆ.

ಬೆಂಗಳೂರು ಮುಸ್ಲಿಮ್ಸ್ ಅಂತ ಒಂದು ಟೀಮ್ ಬಾಂಬೆಗೆ ಹೋಗಿ ಕಪ್ ಗೆದ್ದು ಬಂತಂತೆ, ನಿಜಾನಾ?

ನಿಜ. ನಮ್ಮ ಫುಟ್‌ಬಾಲಿನ ಅತಿ ದೊಡ್ಡ ಕಥೆ ಅದೇ, ನಮ್ಮವರಿಗೇ ಗೊತ್ತಿಲ್ಲ.

ಬೊಂಬಾಯಿಯ ರೋವರ್ಸ್ ಕಪ್ ಶುರುವಾಗಿದ್ದು 1891ರಲ್ಲಿ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಬ್ರಿಟಿಷ್ ಪಲ್ಟನ್‌ಗಳ ಕೈಯಲ್ಲೇ ಇತ್ತು. 1937ರಲ್ಲಿ ಮೊದಲ ಸಲ ಒಂದು ಭಾರತೀಯ ತಂಡ ಗೆದ್ದಿತು. ಅದು ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಎದುರಿಗಿದ್ದವರು ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ 1938ರವರೆಗೆ ಕಲ್ಕತ್ತಾ ಲೀಗನ್ನು ಸತತ ಐದು ಸಲ ಗೆದ್ದ ತಂಡ ಅದು. ಅಂಥವರನ್ನು ನಮ್ಮವರು ಒಂದು ಗೋಲಿನಿಂದ ಸೋಲಿಸಿದರು. ಮರುವರ್ಷ 1938ರಲ್ಲಿ ಮತ್ತೆ ಕಪ್. 1948ರಲ್ಲಿ ಮೂರನೇ ಸಲ.

ಅದೇ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು, ಎಸ್. ರಾಮನ್ ಇದ್ದರು. ಫ್ರಾನ್ಸ್ ವಿರುದ್ಧ ಭಾರತ 2-1ರಿಂದ ಸೋತಿತು. ಎರಡು ಪೆನಾಲ್ಟಿ ಕೈತಪ್ಪಿದವು. ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಆ ಒಂದು ಗೋಲು ಹೊಡೆದದ್ದು ರಾಮನ್. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದೇ.

ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ... ಯಾವಾಗ್ಲೂ ಇದೇ ಏರಿಯಾ ಹೆಸರು ಯಾಕೆ ಬರುತ್ತೆ?

ಕಂಟೋನ್ಮೆಂಟ್ ಸುತ್ತ ಬೆಳೆದ ಬಡಾವಣೆಗಳು ಇವು. ದಂಡಿನಲ್ಲಿ, ಆಮೇಲೆ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರ ಮನೆಗಳು. ಮನೆ ಚಿಕ್ಕದು, ಮಕ್ಕಳು ಬೀದಿಯಲ್ಲಿ. ಒಂದು ಚೆಂಡಿದ್ದರೆ ಇಪ್ಪತ್ತು ಜನ ಆಡಬಹುದು, ಬೇರೆ ಖರ್ಚಿಲ್ಲ.

ಹಲಸೂರಿನ ಗೌತಮಪುರಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಅವರ ಜೊತೆ ಪೆಲೆಯ ಪ್ರತಿಮೆಯೂ ಇದೆ. ವಿಶ್ವಕಪ್ ಸಮಯದಲ್ಲಿ ಬೀದಿ ತುಂಬಾ ಹಳದಿ ಹಸಿರು. 'ಮಿನಿ ಬ್ರೆಜಿಲ್' ಅಂತ ಹೆಸರು ಬಂದಿದ್ದು ಅದಕ್ಕೇ. ಆ ಗಲ್ಲಿಗಳಲ್ಲಿ ಆಡಿ ಬೆಳೆದವನನ್ನು ಮೈದಾನದಲ್ಲಿ ಗುರುತಿಸುವುದು ಸುಲಭ. ಚೆಂಡು ಬಂದಾಗ ಅವನು ಅಂಗಾಲಿನಿಂದ ಒತ್ತಿ ನಿಲ್ಲಿಸುತ್ತಾನೆ. ಗಲ್ಲಿಯಲ್ಲಿ ಚೆಂಡು ಜಾರಿದರೆ ನೇರ ಚರಂಡಿಗೆ ಅಲ್ವಾ?

## ಸೇರುವವರಿಗೆ

ನಂಗೆ 27. ಐಟಿ ಕೆಲಸ, ವಾರಕ್ಕೆರಡು ದಿನ ಟರ್ಫಲ್ಲಿ ಆಡ್ತೀನಿ. ಲೀಗ್ ಆಡಬಹುದಾ?

ಆಡಬಹುದು. ಆದರೆ ಐದೈದು ಜನ ಆಡುವ ಫೈವ್ಸ್ ಟರ್ಫ್ ಬೇರೆ, ಹನ್ನೊಂದು ಜನರ ಆಟ ಬೇರೆ. ಟರ್ಫಿನಲ್ಲಿ ಚೆಂಡು ಗೋಡೆಗೋ ಬಲೆಗೋ ಬಡಿದು ವಾಪಸ್ ಬರುತ್ತದೆ. ಇಲ್ಲಿ ಹೊರಗೆ ಹೋದರೆ ಹೋಯಿತು. ಅಲ್ಲಿ ಆಗಾಗ ನಿಂತು ಉಸಿರಾಡಬಹುದು, ಇಲ್ಲಿ ನೂರು ಮೀಟರ್ ಹಿಂದೆ ಓಡಬೇಕು. ಸಾಫ್ಟ್‌ವೇರ್ ಹುಡುಗರು ಬಂದಾಗ ನಾವು ಕಾಲಿನ ಚಳಕ ನೋಡುವುದಿಲ್ಲ. ಎಪ್ಪತ್ತನೇ ನಿಮಿಷದಲ್ಲಿ ಏನು ಮಾಡುತ್ತಾನೆ ನೋಡುತ್ತೇವೆ.

ಯಾವುದಾದರೂ ಸಿ ಅಥವಾ ಬಿ ಡಿವಿಷನ್ ಕ್ಲಬ್‌ನ ಪ್ರಾಕ್ಟೀಸಿಗೆ ಎರಡು ತಿಂಗಳು ಬೆಳಿಗ್ಗೆ ಆರಕ್ಕೆ ಹೋಗಿ. ಕ್ಲಬ್ ಎಲ್ಲಿ ಸಿಗುತ್ತೆ ಅಂದರೆ, ಮ್ಯಾಚಿಗೆ ಬಂದು ಮುಗಿದ ಮೇಲೆ ಬೆಂಚಿನಲ್ಲಿ ಫೈಲ್ ಹಿಡಿದು ಕೂತವನನ್ನು ಮಾತಾಡಿಸಿ. ಅವನೇ ಕಾರ್ಯದರ್ಶಿ. ಅವನು ಮೊದಲು ಕೇಳುವುದು 'ಯಾವ ಪೊಸಿಷನ್' ಅಂತಲ್ಲ, 'ವಾರದ ದಿನ ಬರೋಕಾಗುತ್ತಾ' ಅಂತ. ಹೌದು ಅನ್ನುವ ಮೊದಲು ನಿಮ್ಮ ಮ್ಯಾನೇಜರ್ ಮುಖ ನೆನಪಿಸಿಕೊಳ್ಳಿ.

ಮಗನಿಗೆ 13. ಕೋಚಿಂಗಿಗೆ ತಿಂಗಳಿಗೆ ಸಾವಿರಾರು ರೂಪಾಯಿ ಕೊಡ್ತಿದೀನಿ. ಲೀಗ್ ಆಡಿಸೋದು ಹೇಗೆ?

ಮೊದಲು ಅಕಾಡೆಮಿಯವರಿಗೆ ಒಂದೇ ಪ್ರಶ್ನೆ ಕೇಳಿ: ನೀವು ಸಂಸ್ಥೆಯ ಯೂತ್ ಲೀಗ್‌ನಲ್ಲಿ ತಂಡ ಇಳಿಸುತ್ತೀರಾ? ತಮ್ಮತಮ್ಮಲ್ಲೇ ಪಂದ್ಯ ಆಡಿಸಿ ಮೆಡಲ್ ಹಂಚುವ ಜಾಗಗಳು ಜಾಸ್ತಿ ಇವೆ. ಅದು ತಪ್ಪಲ್ಲ, ಮಗುವಿಗೆ ಖುಷಿ. ಆದರೆ ಅದು ಲೀಗ್ ಅಲ್ಲ.

ಯೂತ್ ಲೀಗ್‌ಗಳು 13, 15, 17 ವರ್ಷದೊಳಗಿನವರು ಅಂತ ವಯಸ್ಸಿನ ಪ್ರಕಾರ ಇರುತ್ತವೆ. ಜನನ ಪ್ರಮಾಣಪತ್ರ ಸರಿಯಾಗಿಟ್ಟುಕೊಳ್ಳಿ. ಅನುಮಾನ ಬಂದರೆ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ವಯಸ್ಸು ಕಡಿಮೆ ತೋರಿಸಿ ಆಡಿಸೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಅವರಿಂದ ದೂರ ಇರಿ. ಸಿಕ್ಕಿಬಿದ್ದಾಗ ಸಲಹೆ ಕೊಟ್ಟವರು ಜೊತೆಗಿರಲ್ಲ, ಶಿಕ್ಷೆ ಹುಡುಗನಿಗೆ.

ನಮ್ ಏರಿಯಾ ಹುಡುಗ್ರೆಲ್ಲ ಸೇರಿ ಟೀಮ್ ಮಾಡಿದ್ದೀವಿ. ನೇರ ಬಿ ಡಿವಿಷನ್‌ಗೆ ಎಂಟ್ರಿ ಸಿಗುತ್ತಾ?

ಹೊಸ ತಂಡ ಅಂದರೆ ಕೆಳಗಿನಿಂದಲೇ ಶುರು. ಮೊದಲು ಕ್ಲಬ್ಬನ್ನು ಸಂಘವಾಗಿ ನೋಂದಾಯಿಸಿ. ಸಾಮಾನ್ಯವಾಗಿ ಮಾಡಿಸುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಬೈಲಾ, ಪದಾಧಿಕಾರಿಗಳು, ಬ್ಯಾಂಕ್ ಖಾತೆ ಎಲ್ಲ ಬೇಕು. ಆಮೇಲೆ ಸಂಸ್ಥೆಗೆ ಅರ್ಜಿ ಹಾಕಿ ಮಾನ್ಯತೆ ಪಡೆಯಬೇಕು. ಶುಲ್ಕ, ಕೊನೆ ದಿನ, ಆ ವರ್ಷ ಹೊಸ ತಂಡ ತಗೊಳ್ಳುತ್ತಾರೋ ಇಲ್ಲವೋ ಅನ್ನುವುದನ್ನು ಸ್ಟೇಡಿಯಂನಲ್ಲಿರುವ ಕಚೇರಿಗೇ ಹೋಗಿ ಕೇಳಿ. ಫೋನಿನಲ್ಲಿ ಕೇಳಿದ್ದಕ್ಕೂ ಕೌಂಟರಿನಲ್ಲಿ ಕೇಳಿದ್ದಕ್ಕೂ ವ್ಯತ್ಯಾಸ ಇರುತ್ತದೆ.

ಒಂದು ಅನುಭವದ ಮಾತು. ಹನ್ನೊಂದು ಜನ ಇದ್ದಾರೆ ಅಂತ ತಂಡ ಕಟ್ಟಬೇಡಿ, ಇಪ್ಪತ್ತೈದು ಜನ ಬೇಕು. ಒಬ್ಬನಿಗೆ ಪರೀಕ್ಷೆ, ಒಬ್ಬನಿಗೆ ಅಕ್ಕನ ಮದುವೆ, ಇಬ್ಬರಿಗೆ ನೈಟ್ ಶಿಫ್ಟು, ಒಬ್ಬನಿಗೆ ಕಾಲು ಉಳುಕು. ಇಪ್ಪತ್ತೈದರಲ್ಲಿ ಮ್ಯಾಚಿನ ದಿನ ಬರುವವರು ಹದಿನಾಲ್ಕು.

ಒಂದೇ ಸೀಸನ್‌ನಲ್ಲಿ ಎರಡು ಕ್ಲಬ್‌ಗೆ ಆಡಬಹುದಾ?

ಒಂದೇ ಹೊತ್ತಿಗೆ ಎರಡು ಕ್ಲಬ್‌ನಲ್ಲಿ ಇರುವ ಹಾಗಿಲ್ಲ. ಆಟಗಾರರೆಲ್ಲರ ನೋಂದಣಿ ಈಗ ಎಐಎಫ್‌ಎಫ್‌ನ ಸಿಆರ್‌ಎಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ನಿಮ್ಮ ಹೆಸರು ಒಂದು ಕ್ಲಬ್‌ನಲ್ಲಿದ್ದರೆ ಇನ್ನೊಂದು ಕ್ಲಬ್ ಹಾಕಹೋದಾಗ ಅಲ್ಲೇ ಗೊತ್ತಾಗುತ್ತದೆ. ಕ್ಲಬ್ ಬದಲಿಸಬೇಕಾದರೆ ಟ್ರಾನ್ಸ್‌ಫರ್ ಸಮಯದಲ್ಲಿ, ಹಳೇ ಕ್ಲಬ್ ಬಿಟ್ಟುಕೊಟ್ಟ ಮೇಲೆ. ಫಿಫಾ ನಿಯಮದ ಪ್ರಕಾರ ಒಂದು ಸೀಸನ್‌ನಲ್ಲಿ ಹೆಚ್ಚೆಂದರೆ ಮೂರು ಕ್ಲಬ್‌ಗೆ ನೋಂದಣಿ ಆಗಬಹುದು, ಅದರಲ್ಲಿ ಅಧಿಕೃತ ಪಂದ್ಯ ಆಡಬಹುದಾದ್ದು ಎರಡಕ್ಕೆ ಮಾತ್ರ.

ಭಾನುವಾರ ಬೇರೆ ಹೆಸರಲ್ಲಿ ಊರ ಹಬ್ಬದ ಸೆವೆನ್ಸ್ (ಏಳೇಳು ಜನರ ಆಟ) ಆಡಿ ಬರುವವರಿದ್ದಾರೆ. ನೋಂದಣಿಗಿಂತ ದೊಡ್ಡ ತಲೆನೋವು ಸೋಮವಾರ ಕುಂಟುತ್ತಾ ಬಂದಾಗ ಶುರುವಾಗುತ್ತದೆ.

ಹನ್ನೊಂದು ಜನ ಬರ್ಲಿಲ್ಲ ಅಂದ್ರೆ ಮ್ಯಾಚ್ ಕೊಟ್ಟುಬಿಡಬೇಕಾ?

ಬೇಡ. ಏಳು ಜನ ಇದ್ದರೆ ಆಟ ಶುರು ಮಾಡಬಹುದು. ಏಳಕ್ಕಿಂತ ಕಡಿಮೆ ಆದರೆ ಆಗುವುದಿಲ್ಲ. ಆಗ ಎದುರಾಳಿಗೆ ವಾಕ್‌ಓವರ್, ಸಾಮಾನ್ಯವಾಗಿ 3-0 ಲೆಕ್ಕ. ಪದೇ ಪದೇ ಆದರೆ ದಂಡವೂ ಬೀಳುತ್ತದೆ.

ಇಲ್ಲೊಂದು ಸಣ್ಣ ಕೊಕ್ಕೆ ಇದೆ, ನಾನೇ ಸಿಕ್ಕಿಕೊಂಡಿದ್ದು. ಒಂದು ಬುಧವಾರ ನಮ್ಮವರು ಬಂದದ್ದು ಒಂಬತ್ತು ಜನ. ಸರಿ, ಒಂಬತ್ತು ಹೆಸರು ಟೀಮ್ ಶೀಟಿನಲ್ಲಿ ಬರೆದು ಸಹಿ ಮಾಡಿ ಕೊಟ್ಟೆ. ಮ್ಯಾಚ್ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ನಮ್ಮ ಸ್ಟಾಪರ್ ಬ್ಯಾಕ್ ಬೈಕಿನಲ್ಲಿ ಬಂದ. ಆಫೀಸಿನ ಶರ್ಟು, ಕೊರಳಲ್ಲಿ ಐಡಿ ಕಾರ್ಡು, ಮೀಟಿಂಗಿನಿಂದ ಸುಳ್ಳು ಹೇಳಿ ಎದ್ದು ಬಂದಿದ್ದಾನೆ. ಗೇಟಿನಿಂದಲೇ ಶೂ ಬಿಚ್ಚುತ್ತಾ ಓಡಿ ಬಂದು ಸ್ಟಾಕಿಂಗ್ಸ್ ಏರಿಸಿದ. ನಾಲ್ಕನೇ ರೆಫ್ರಿ ಶೀಟ್ ನೋಡಿ, 'ಇವರ ಹೆಸರೇ ಇಲ್ಲವಲ್ಲ ಸಾರ್' ಅಂದರು. ಶುರುವಿಗೆ ಮೊದಲೇ ಶೀಟಿನಲ್ಲಿ ಹೆಸರು ಇದ್ದವನು ಮಾತ್ರ ತಡವಾಗಿ ಬಂದರೂ ಆಡಬಹುದು. ಬರೆಯದೇ ಬಿಟ್ಟವನು ನಾನು. ಅವನು ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು ಇಟ್ಟುಕೊಂಡು ಪೂರ್ತಿ ಮ್ಯಾಚ್ ಬೆಂಚಿನ ಹಿಂದೆ ನಿಂತು ನೋಡಿದ. 4-1ರಿಂದ ಸೋತೆವು. ಅವತ್ತಿನಿಂದ ಬರುತ್ತಾನೋ ಇಲ್ಲವೋ, ಎಲ್ಲರ ಹೆಸರನ್ನೂ ಬರೆಯುತ್ತೇನೆ.

ರೆಡ್ ಕಾರ್ಡ್ ಆದ್ರೆ ಎಷ್ಟು ಮ್ಯಾಚ್ ಹೋಗುತ್ತೆ?

ಕಡಿಮೆ ಅಂದರೆ ಮುಂದಿನ ಒಂದು. ಒಂದೇ ಮ್ಯಾಚಿನಲ್ಲಿ ಎರಡು ಹಳದಿ ಸಿಕ್ಕರೂ ಕೆಂಪೇ. ಹೊಡೆದಾಟ, ರೆಫ್ರಿ ಮೇಲೆ ಕೈ ಮಾಡಿದ್ದು ಅಂತಾದರೆ ವಿಷಯ ಶಿಸ್ತು ಸಮಿತಿಗೆ ಹೋಗುತ್ತದೆ. ಅಲ್ಲಿಂದ ಬೇಗ ವಾಪಸ್ ಬರುವುದಿಲ್ಲ. ಬೇರೆ ಬೇರೆ ಮ್ಯಾಚಿನ ಹಳದಿ ಎಷ್ಟು ಸೇರಿದರೆ ಹೊರಗೆ ಅನ್ನುವುದು ಆಯಾ ವರ್ಷದ ನಿಯಮಾವಳಿಯಲ್ಲಿರುತ್ತದೆ. ಓದಿ ಇಟ್ಟುಕೊಳ್ಳಿ, ನಿಮ್ಮ ಲೆಕ್ಕ ನೀವೇ ಬರೆದಿಡಿ. ನಿಷೇಧ ಇರುವವನನ್ನು ಮರೆತು ಆಡಿಸಿದರೆ ಗೆದ್ದ ಮ್ಯಾಚೂ ಹೋಗುತ್ತದೆ.

## ಸ್ವಲ್ಪ ಒಳಗಿನ ಪ್ರಶ್ನೆಗಳು

ಎರಡು ಟೀಮ್ ಪಾಯಿಂಟ್ಸ್ ಒಂದೇ ಆದ್ರೆ ಯಾರು ಮೇಲೆ ಹೋಗ್ತಾರೆ?

ಕೆಲವು ಟೂರ್ನಿಗಳಲ್ಲಿ ಮೊದಲು ನೋಡುವುದು ಗೋಲು ವ್ಯತ್ಯಾಸ: ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟ ಗೋಲು ಕಳೆದರೆ ಬರುವುದು. ಕೆಲವದರಲ್ಲಿ ಮೊದಲು ಆ ಎರಡು ತಂಡಗಳ ನಡುವಿನ ಪಂದ್ಯದ ಫಲಿತಾಂಶ. ಯಾವುದು ಅನ್ನುವುದು ಸೀಸನ್ ಶುರುವಿಗೆ ಕೊಡುವ ನಿಯಮಾವಳಿಯಲ್ಲಿ ಇರುತ್ತದೆ. ಎಷ್ಟು ತಂಡಕ್ಕೆ ಬಡ್ತಿ, ಎಷ್ಟು ತಂಡ ಕೆಳಕ್ಕೆ ಅನ್ನುವುದೂ ಅದರಲ್ಲೇ.

ಇದರಿಂದ ಕೆಳಗಿನ ಡಿವಿಷನ್‌ನಲ್ಲಿ ಒಂದು ವಿಚಿತ್ರ ನಡೆಯುತ್ತದೆ. 5-0 ಮುಂದಿದ್ದರೂ ಗೋಲ್‌ಕೀಪರ್ ಚೆಂಡು ಹಿಡಿದು ಓಡಿಬಂದು ಬೇಗ ಬೇಗ ಹೊಡೆಯುತ್ತಾನೆ. ನೋಡುವವರಿಗೆ ಇದೇನು ದುರಾಸೆ ಅನಿಸುತ್ತದೆ. ಅವನ ತಲೆಯಲ್ಲಿ ಪಕ್ಕದ ತಂಡದ ಗೋಲು ಲೆಕ್ಕ ಓಡುತ್ತಿರುತ್ತದೆ.

ಸೂಪರ್ ಡಿವಿಷನ್ ಗೆದ್ರೆ ಐಎಸ್‌ಎಲ್‌ಗೆ ಹೋಗ್ತಾರಾ?

ನೇರ ಇಲ್ಲ. ಐಎಸ್‌ಎಲ್ ದೇಶದ ಅತಿ ಮೇಲಿನ ಲೀಗ್. ಮಧ್ಯೆ ತುಂಬ ಮೆಟ್ಟಿಲಿದೆ. 2023ರಲ್ಲಿ ಐ-ಲೀಗ್ 3 ಶುರುವಾದ ಮೇಲೆ ಏಣಿ ಹೀಗಾಯಿತು: ಸೂಪರ್ ಡಿವಿಷನ್‌ನಂಥ ರಾಜ್ಯದ ಮೇಲಿನ ಲೀಗ್‌ನಿಂದ ರಾಜ್ಯ ಸಂಸ್ಥೆ ಹೆಸರಿಸಿದ ತಂಡ ಐ-ಲೀಗ್ 3ಕ್ಕೆ, ಅಲ್ಲಿಂದ ಐ-ಲೀಗ್ 2ಕ್ಕೆ, ಆಮೇಲೆ ಐ-ಲೀಗ್‌ಗೆ, ಕೊನೆಗೆ ಐಎಸ್‌ಎಲ್.

ಹತ್ತಬಹುದು ಅನ್ನುವುದಕ್ಕೆ ಉದಾಹರಣೆ ನಮ್ಮ ಎಸ್‌ಸಿ ಬೆಂಗಳೂರು. 2023ರಲ್ಲಿ ಐ-ಲೀಗ್ 3ರಲ್ಲಿ ಆಡಿ ಮೇಲೆ ಬಂದರು. 2023-24ರ ಐ-ಲೀಗ್ 2 ಗೆದ್ದು ಐ-ಲೀಗ್‌ಗೆ ಹೋದರು. ಒಂದರ ಹಿಂದೆ ಒಂದು ಎರಡು ಮೆಟ್ಟಿಲು! ಹತ್ತುವುದು ಒಂದು ಕಷ್ಟ, ಅಲ್ಲಿ ನಿಲ್ಲುವುದು ಇನ್ನೊಂದು. ಇಲ್ಲಿ ಮ್ಯಾಚಿಗೆ ಆಟೊದಲ್ಲಿ ಹೋಗಬಹುದು, ಅಲ್ಲಿ ಶಿಲ್ಲಾಂಗ್, ಐಜ್ವಾಲ್‌ಗೆ ಇಡೀ ತಂಡದ ವಿಮಾನದ ಟಿಕೆಟ್ ತೆಗೆಸಬೇಕು. ಬೂಟಿನ ದುಡ್ಡಿಗೆ ಚಂದಾ ಎತ್ತುವ ಕ್ಲಬ್‌ಗಳು ಆ ಲೆಕ್ಕ ನೋಡಿ ಸೂಪರ್‌ನಲ್ಲೇ ಹಾಯಾಗಿರುತ್ತವೆ.

ಬಿಎಫ್‌ಸಿ ಟೀಮೂ ಸೂಪರ್ ಡಿವಿಷನ್ ಆಡುತ್ತಲ್ಲ, ಅದು ಅನ್ಯಾಯ ಅಲ್ವಾ?

ಅವರು ಇಳಿಸುವುದು ಹೆಚ್ಚಾಗಿ ರಿಸರ್ವ್ ತಂಡ, ಹತ್ತೊಂಬತ್ತು ಇಪ್ಪತ್ತರ ಹುಡುಗರು. ಸುನಿಲ್ ಛೆಟ್ರಿ ಬಂದು ನಿಮ್ಮ ಲೆಫ್ಟ್ ಬ್ಯಾಕ್ ಎದುರು ನಿಲ್ಲುವುದಿಲ್ಲ. ಆದರೂ ಗೊಣಗಾಟ ಇದೆ. ದಿನಕ್ಕೆರಡು ಸಲ ತರಬೇತಿ, ಫಿಸಿಯೊ, ಊಟದ ಪಟ್ಟಿ ಎಲ್ಲ ಇರುವ ಹುಡುಗರ ಎದುರು ರಾತ್ರಿ ಪಾಳಿ ಮುಗಿಸಿ ಬಂದವನು ಓಡಬೇಕು.

ನನಗೆ ಅನ್ಯಾಯ ಅನಿಸುವುದಿಲ್ಲ. ಆ ಹುಡುಗರಿಗೆ ಭುಜ ಕೊಟ್ಟು ಆಡುವುದು ಹೇಗೆ ಅಂತ ಕಲಿಸುವುದು ಇಲ್ಲಿನ ಹಳಬರು. ಮೂವತ್ತೈದು ದಾಟಿದ ಸೇನೆಯ ಡಿಫೆಂಡರ್ ಒಬ್ಬ ಒಮ್ಮೆ ಒರಗಿದರೆ ಸಾಕು, ಅಕಾಡೆಮಿಯಲ್ಲಿ ಆರು ತಿಂಗಳಲ್ಲಿ ಬರದ ಪಾಠ ಬರುತ್ತದೆ. ಇನ್ನೊಂದು ಮಾತು: ಬಿಎಫ್‌ಸಿ ತನ್ನ ಮೊದಲ ಸೀಸನ್ ಆಡಿ 2013-14ರ ಐ-ಲೀಗ್ ಗೆದ್ದಿದ್ದು ಇದೇ ಅಶೋಕನಗರದ ಸ್ಟೇಡಿಯಂ ಅನ್ನು ತವರು ಮಾಡಿಕೊಂಡು. ಕಂಠೀರವಕ್ಕೆ ಹೋಗಿದ್ದು ಆಮೇಲೆ.

ಈ ಲೀಗ್ ಆಡಿದ್ರೆ ಕರ್ನಾಟಕ ಟೀಮ್‌ಗೆ ಸೆಲೆಕ್ಟ್ ಆಗಬಹುದಾ?

ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಗೆ ಹುಡುಗರನ್ನು ನೋಡುವ ಮುಖ್ಯ ಕಿಟಕಿಯೇ ಇದು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ 3-2ರಿಂದ ಮೇಘಾಲಯವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಆ ತಂಡ ತಯಾರಾಗಿದ್ದು ಈ ಲೀಗಿನ ಆಟಗಾರರಿಂದ. ಅದಕ್ಕೂ ಹಿಂದಿನ ಗೆಲುವು 1968-69ರದು. ಆಗ ರಾಜ್ಯದ ಹೆಸರೇ ಮೈಸೂರು! 54 ವರ್ಷದ ಅಂತರ. ಫೈನಲ್ ರಾತ್ರಿ ನಮ್ಮ ಕ್ಲಬ್ಬಿನ ಹುಡುಗರು ಒಂದೇ ಮೊಬೈಲ್ ಸುತ್ತ ಕೂತಿದ್ದರು. 'ಇವನಿಗೆ ಹೋದ ವರ್ಷ ನಾನು ಟ್ಯಾಕಲ್ ಹಾಕಿದ್ದೆ' ಅಂತ ಒಬ್ಬ ಹತ್ತು ಸಲ ಹೇಳಿದ.

ಸಿ ಡಿವಿಷನ್‌ನಲ್ಲಿ ಆಡುತ್ತಾ ಆಯ್ಕೆಗಾರರ ಕಣ್ಣಿಗೆ ಬೀಳುವುದು ಕಷ್ಟ. ಅಲ್ಲಿ ಚೆನ್ನಾಗಿ ಆಡಿದವನನ್ನು ಮೊದಲು ಮೇಲಿನ ಡಿವಿಷನ್‌ನ ಕ್ಲಬ್ ಕರೆದುಕೊಳ್ಳುತ್ತದೆ. ನಮ್ಮಂಥ ಕ್ಲಬ್‌ಗಳಿಗೆ ಹೊಟ್ಟೆ ಉರಿಯುತ್ತದೆ, ಹೆಮ್ಮೆಯೂ ಆಗುತ್ತದೆ.

ನಾವು ಮಂಗಳೂರಿನವರು. ಕರ್ನಾಟಕ ಅಂದ್ರೆ ಬರೀ ಬೆಂಗಳೂರಾ?

ಈ ಸಿಟ್ಟು ನ್ಯಾಯವಾದದ್ದು. ಮಂಗಳೂರಿನ ನೆಹರೂ ಮೈದಾನದಲ್ಲಿ, ಬೆಳಗಾವಿಯಲ್ಲಿ ಫುಟ್‌ಬಾಲ್‌ಗೆ ಸೇರುವ ಜನ ಬೆಂಗಳೂರಿನ ಲೀಗಿಗೆ ಬರುವುದಿಲ್ಲ. ಜಿಲ್ಲಾ ಸಂಸ್ಥೆಗಳಿವೆ, ಅವರವರ ಟೂರ್ನಿಗಳೂ ಇವೆ. ಆದರೆ ಮೇಲಿನ ಏಣಿಗೆ ಕಾಲಿಡುವ ಜಾಗ ಬೆಂಗಳೂರಿನಲ್ಲೇ ಉಳಿದುಬಿಟ್ಟಿದೆ. ಹಾಗಾಗಿ ಆಡಬೇಕು ಅನ್ನುವ ಹುಡುಗ ರಾತ್ರಿ ಬಸ್ ಹತ್ತುತ್ತಾನೆ, ಪಿಜಿಯಲ್ಲಿ ಇರುತ್ತಾನೆ. ಕೊಡಗಿನ ಹೆಸರಿಟ್ಟುಕೊಂಡ ಕೊಡಗು ಎಫ್‌ಸಿ ಇಲ್ಲಿಯ ಲೀಗ್‌ನಲ್ಲೇ ಆಡಿದೆ. ಜಿಲ್ಲೆಯ ಚಾಂಪಿಯನ್‌ಗಳನ್ನು ಸೇರಿಸಿ ಒಂದು ಸರಿಯಾದ ರಾಜ್ಯ ಲೀಗ್ ಆಗಬೇಕು ಅನ್ನುವವರ ಸಾಲಿನಲ್ಲಿ ನಾನೂ ಇದ್ದೇನೆ.

ಹೆಣ್ಮಕ್ಕಳಿಗೆ ಡಿವಿಷನ್ ಇಲ್ವಾ?

ಎ, ಬಿ, ಸಿ ಅನ್ನುವಷ್ಟು ಮೆಟ್ಟಿಲಿಲ್ಲ. ಬೇರೆಯಾಗಿ ಕರ್ನಾಟಕ ಮಹಿಳಾ ಲೀಗ್ ನಡೆಯುತ್ತದೆ. ಅಲ್ಲಿಂದ ದಾರಿ ರಾಷ್ಟ್ರ ಮಟ್ಟದ ಇಂಡಿಯನ್ ವಿಮೆನ್ಸ್ ಲೀಗ್ ಕಡೆಗೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2022-23ರಲ್ಲಿ ಅದರ ಫೈನಲ್ ಆಡಿತು, ಗೋಕುಲಂ ಕೇರಳ ಎದುರು ಸೋತಿತು. ಹುಡುಗಿಯರ ತಂಡ ಕಟ್ಟುವವರು ಹೇಳುವ ಕಷ್ಟ ಆಟದ್ದಲ್ಲ. ಪ್ರಾಕ್ಟೀಸ್ ಗ್ರೌಂಡಿನಲ್ಲಿ ಬಟ್ಟೆ ಬದಲಿಸಲು ಒಂದು ಕೋಣೆ ಇರಲ್ಲ, ಬಾಗಿಲಿಗೆ ಚಿಲಕ ಇರುವ ಶೌಚಾಲಯ ಇರಲ್ಲ.

ಆಡೋ ವಯಸ್ಸು ಮುಗೀತು. ರೆಫ್ರಿ ಆಗಬಹುದಾ?

ಆಗಬಹುದು, ಆದರೆ ಪೂರ್ತಿ ಮುಗಿಯುವ ಮೊದಲೇ ಬನ್ನಿ. ಸಂಸ್ಥೆ ಆಗಾಗ ರೆಫ್ರಿ ಕೋರ್ಸ್ ನಡೆಸುತ್ತದೆ. ಬರೆಯುವ ಪರೀಕ್ಷೆ, ಓಟದ ಪರೀಕ್ಷೆ ಎರಡೂ ಪಾಸಾಗಬೇಕು. ಶುರುವಿನಲ್ಲಿ ಮಕ್ಕಳ ಪಂದ್ಯ, ಸಿ ಡಿವಿಷನ್‌ನಲ್ಲಿ ಲೈನ್. ಸಿ ಡಿವಿಷನ್‌ನಲ್ಲಿ ಬಾವುಟ ಹಿಡಿಯುವುದಕ್ಕೆ ಗಟ್ಟಿ ಚರ್ಮ ಬೇಕು, ಬೈಯುವವರು ನಿಮ್ಮಿಂದ ಎರಡೇ ಅಡಿ ಹಿಂದೆ ನಿಂತಿರುತ್ತಾರೆ. ಅದರಲ್ಲಿ ನನ್ನಂಥ ಕಾರ್ಯದರ್ಶಿಗಳೂ ಇರುತ್ತಾರೆ.

ಮತ್ತೆ, ರೆಫ್ರಿಗೂ ಅದೇ ಪ್ರಶ್ನೆ ಕೇಳುತ್ತಾರೆ: ವಾರದ ದಿನ ಮಧ್ಯಾಹ್ನ ಬರೋಕಾಗುತ್ತಾ?